ತೊಟ್ಟಿಲ ಹರಕೆ, ತಿಂಗಳ ಕಂತು

ಚನ್ನಪಟ್ಟಣ ದಾಟಿ ಹಳೆಯ ಮೈಸೂರು ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಹೋದರೆ ದೊಡ್ಡಮಳೂರು. ಅಲ್ಲಿನ ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನ ಗುಡಿಯಿದೆ. ಕೈಯಲ್ಲಿ ಬೆಣ್ಣೆಯುಂಡೆ ಹಿಡಿದು ಅಂಬೆಗಾಲಿಡುವ ಕೂಸು. ಮಕ್ಕಳಿಲ್ಲದವರು ಬಂದು ಹರಕೆ ಹೊರುತ್ತಾರೆ, ತೊಟ್ಟಿಲು ಒಪ್ಪಿಸುತ್ತಾರೆ. ಪುರಂದರದಾಸರು ಯಶೋದೆ ಮಗುವನ್ನು ಆಡಿಸುವ ತಮ್ಮ ಪ್ರಸಿದ್ಧ ಕೀರ್ತನೆಯನ್ನು ಹಾಡಿದ್ದು ಈ ಕೂಸನ್ನು ಕಂಡೇ ಎಂದು ಪ್ರತೀತಿ. ಹಾಗೆ ಹಾಡಿದ ದಾಸರು ಅದಕ್ಕೆ ಮೊದಲು ಅಡವು, ಬಡ್ಡಿ, ಲೇವಾದೇವಿಯ ನವಕೋಟಿ ನಾರಾಯಣರಾಗಿದ್ದರು ಎಂಬ ಕಥೆಯೂ ನಮಗೆಲ್ಲ ಗೊತ್ತು.

ಈ ಊರಿನ ಆಸುಪಾಸಿನ ತಾಯಿಯೊಬ್ಬರು ನನಗೊಂದು ಪತ್ರ ಬರೆದಿದ್ದರು. ಎಂಟು ವರ್ಷ ಮಕ್ಕಳಿಲ್ಲದೆ, ಇದೇ ಕೃಷ್ಣನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ. ಈಗ ಇಪ್ಪತ್ತಮೂರು. "ಹೊಟ್ಟೆ ತುಂಬ ಉಣ್ಣುವುದಿಲ್ಲ. ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚುವುದಿಲ್ಲ. ಎದೆ ಉರಿ, ಹೊಟ್ಟೆ ಉರಿ ಅನ್ನುತ್ತಾನೆ. ಏನಪ್ಪಾ ನಿನಗೆ ಕಷ್ಟ ಎಂದರೆ ಜೀವನದಲ್ಲಿ ಗುರಿಯೇ ಇಲ್ಲ ಅನ್ನುತ್ತಾನೆ. ನೀವು ಪೇಪರಿನಲ್ಲಿ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುತ್ತೀರಲ್ಲ, ಇವನಿಗೂ ಎರಡು ಮಾತು ಹೇಳಿ."

ಬುದ್ಧಿ ಹೇಳುವ ಕೆಲಸ ನನಗೆ ಹಳೆಯದು. ಅದರಿಂದ ಆಗುವ ಪ್ರಯೋಜನ ಎಷ್ಟು ಎಂಬುದೂ ಚೆನ್ನಾಗಿ ಗೊತ್ತು. ಆದರೂ ಒಂದು ಭಾನುವಾರ ಹೋದೆ. ತಾಯಿ ಮಗ ಇಬ್ಬರೂ ಒಪ್ಪಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗ ಬಿ.ಕಾಂ. ಮುಗಿಸಿದ್ದಾನೆ. ಬಿಡದಿಯ ಕಡೆ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುತ್ತಿಗೆ ಕೆಲಸ. ಬೆಳಗ್ಗೆ ಚನ್ನಪಟ್ಟಣದಲ್ಲಿ ರೈಲು ಹತ್ತಿದರೆ ಮನೆ ಸೇರುವುದು ರಾತ್ರಿ. ತಂದೆಗೆ ಒಂದು ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಮಗನ ಹೊಟ್ಟೆ ಉರಿಗೆ ಮೂರು ಕಡೆ ತೋರಿಸಿದ್ದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಗಿ ನಾಲ್ಕು ಸಾವಿರ ಖರ್ಚಾಗಿತ್ತು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟಿದ್ದರು. ಮಾತ್ರೆ ತೆಗೆದುಕೊಂಡ ದಿನ ಸ್ವಲ್ಪ ಕಡಿಮೆ, ಮರುದಿನ ಮತ್ತೆ ಅದೇ. ಯಾರದೋ ಕಣ್ಣು ಬಿದ್ದಿದೆ ಎಂದು ನಿವಾಳಿಸಿದ್ದೂ ಆಗಿತ್ತು.

ಇಬ್ಬರೇ ದೇವಸ್ಥಾನದ ಕಡೆ ನಡೆದು ಹೋಗಿ ಜಗಲಿಯ ಮೇಲೆ ಕೂತೆವು. ಗುರಿಯ ಮಾತು ಎತ್ತಲಿಲ್ಲ. "ಸಂಬಳ ಎಷ್ಟು ಬರುತ್ತಪ್ಪ?" ಎಂದೆ.

"ಕೈಗೆ ಹದಿನಾರೂವರೆ ಸಾರ್."

"ತಿಂಗಳ ಕೊನೆಗೆ ಎಷ್ಟು ಉಳಿಯುತ್ತೆ?"

ಸುಮ್ಮನೆ ನೆಲ ನೋಡಿದ. ನನ್ನ ಜೇಬಿನಲ್ಲಿದ್ದ ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಬರೆ ಎಂದು ಪೆನ್ನು ಕೊಟ್ಟೆ. ಬೈಕಿನ ಕಂತು 3,400. ಮೊಬೈಲ್ ಕಂತು 1,750. ರೇಷ್ಮೆ ಮನೆಗೆ ಶೀಟು ಹೊದಿಸಲು ಅಮ್ಮ ಸಂಘದಲ್ಲಿ ತೆಗೆದ ಸಾಲದ ಕಂತು 2,400. ಮನೆ ಖರ್ಚಿಗೆ ಕೊಡುವುದು 4,000. ಪೆಟ್ರೋಲು, ರೈಲಿನ ಪಾಸು, ಟೀ, ಮಧ್ಯಾಹ್ನದ ಊಟ ಸೇರಿ 2,500. ಕೂಡಿದರೆ 14,050. "ಇನ್ನೂ 2,450 ಉಳೀಬೇಕಲ್ಲಪ್ಪ" ಎಂದೆ. ಆಗ ಪೆನ್ನು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಪತ್ರಿಕೆಯನ್ನು ತಿರುಗಿಸಿಕೊಂಡು, ನನಗೆ ಕಾಣದ ಹಾಗೆ, ಮೂಲೆಯಲ್ಲಿ ಇನ್ನೂ ನಾಲ್ಕು ಸಾಲು ಬರೆದ. ಅವು ಮೊಬೈಲಿನ ಸಾಲದ ಆ್ಯಪ್‌ಗಳು.

ಶುರುವಾದದ್ದು ಗೆಳೆಯನ ಮದುವೆಯ ಖರ್ಚಿನಿಂದ. ಐದು ಸಾವಿರ ಕೇಳಿದ್ದಕ್ಕೆ ಕೈಗೆ ಬಂದದ್ದು 3,800. ಉಳಿದದ್ದು 'ಪ್ರೊಸೆಸಿಂಗ್' ಎಂದು ಮೊದಲೇ ಮುರಿದುಕೊಂಡಿದ್ದರು. ಏಳು ದಿನದಲ್ಲಿ 5,000 ಕಟ್ಟಬೇಕು. ಕಾಮರ್ಸ್ ಓದಿದ ಹುಡುಗ. ಬಡ್ಡಿ ಎಷ್ಟಾಯಿತು ಲೆಕ್ಕ ಹಾಕಿದ್ದೀಯಾ ಎಂದು ಕೇಳಿದೆ. ಹಾಕಿರಲಿಲ್ಲ. 3,800ಕ್ಕೆ 1,200 ಎಂದರೆ ಒಂದೇ ವಾರಕ್ಕೆ ನೂರಕ್ಕೆ ಮೂವತ್ತೊಂದಕ್ಕಿಂತ ಹೆಚ್ಚು. ನಮ್ಮ ಹಿರಿಯರು ಶಪಿಸುತ್ತಿದ್ದ ಮೀಟರ್ ಬಡ್ಡಿಯವರೂ ನಾಚಿಕೊಳ್ಳಬೇಕು. ಮೊದಲನೆಯದನ್ನು ತೀರಿಸಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು. ಹೀಗೆ ನಾಲ್ಕು ಆ್ಯಪ್‌ಗಳಿಂದ ಒಟ್ಟು ಬಾಕಿ 21,400 ರೂಪಾಯಿ. ಒಂದು ದಿನ ತಡವಾದರೆ ಫೋನು. ನಿನ್ನ ಫೋನಿನಲ್ಲಿರುವ ಎಲ್ಲ ನಂಬರಿಗೂ ನಿನ್ನ ಫೋಟೊ ಹಾಕಿ ಕಳ್ಳ ಎಂದು ಕಳಿಸುತ್ತೇವೆ ಎಂಬ ಬೆದರಿಕೆ. ರಾತ್ರಿ ಎರಡರವರೆಗೆ ಹುಡುಗ ಎದ್ದಿರುತ್ತಿದ್ದದ್ದು ಇದಕ್ಕೆ. ಫೋನು ಬಡಿದುಕೊಂಡರೆ ಅಮ್ಮನಿಗೆ ಕೇಳಿಸದ ಹಾಗೆ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದನಂತೆ.

"ಒಂದೊಂದು ಸಲ ಯಾಕೆ ಬದುಕಬೇಕು ಅನ್ಸುತ್ತೆ ಸಾರ್" ಎಂದ. ಇಪ್ಪತ್ತೊಂದು ಸಾವಿರ ರೂಪಾಯಿ. ಒಂದು ಹಸುವಿನ ಅರ್ಧ ಬೆಲೆಯೂ ಅಲ್ಲ.

ಮನೆಗೆ ವಾಪಸು ಬಂದು ತಾಯಿಯ ಹತ್ತಿರ ಕೂತಾಗ ಇನ್ನೊಂದು ಸಂಗತಿ ಹೊರಗೆ ಬಿತ್ತು. ಮಗನ ಕೊನೆಯ ಎರಡು ಸೆಮಿಸ್ಟರಿನ ಫೀಸಿಗೆ ಆಕೆ ತನ್ನ ಗುಂಡಿನ ಸರವನ್ನು ಅಡವಿಟ್ಟಿದ್ದರು. ಮಗ ಕೇಳಿದಾಗಲೆಲ್ಲ ಪೆಟ್ಟಿಗೆಯಲ್ಲಿದೆ ಎನ್ನುತ್ತಿದ್ದರು. "ಓದೋ ಹುಡುಗನ ತಲೆಗೆ ಯಾಕೆ ಹಾಕ್ಬೇಕು ಅಂತ ಹೇಳಲಿಲ್ಲ ಸ್ವಾಮಿ." ಅಮ್ಮನಿಗೆ ಯಾಕೆ ಹೇಳಬೇಕು ಎಂದು ಮಗ ಆ್ಯಪ್ ಮುಚ್ಚಿಟ್ಟಿದ್ದ. ಒಂದೇ ಸೂರಿನ ಕೆಳಗೆ ಎರಡು ಗುಟ್ಟಿನ ಸಾಲ, ಎರಡೂ ಪ್ರೀತಿಯ ಹೆಸರಿನಲ್ಲಿ.

ನಾನು ಈ ವಾರ ಹೇಳಬೇಕೆಂದಿರುವುದು ಇಷ್ಟೇ: ನಮ್ಮ ಮನೆಗಳಲ್ಲಿ ಮಕ್ಕಳ ಮಾರ್ಕ್ಸು, ಮದುವೆ, ಜಾತಕ ಎಲ್ಲ ಎಲ್ಲರ ಎದುರಿಗೇ ಚರ್ಚೆಯಾಗುತ್ತದೆ. ಮನೆಯ ಲೆಕ್ಕ ಮಾತ್ರ ಆಗುವುದಿಲ್ಲ. ಆ ಮುಚ್ಚಿಟ್ಟ ಲೆಕ್ಕವೇ ಹೊಟ್ಟೆ ಉರಿಯಾಗಿ, ನಿದ್ದೆಗೇಡಾಗಿ, 'ಗುರಿಯಿಲ್ಲ' ಎಂಬ ಮಾತಾಗಿ ಹೊರಗೆ ಬರುತ್ತದೆ. ನಾವು ಹೊಟ್ಟೆಗೆ ಮಾತ್ರೆ ಕೊಡುತ್ತೇವೆ, ಗುರಿಗೆ ಭಾಷಣ ಕೊಡುತ್ತೇವೆ.

ಇದು ನನ್ನ ಊಹೆ ಮಾತ್ರವಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಪಕ್ಕದ ತಮಿಳುನಾಡಿನ 464 ಕಬ್ಬು ಬೆಳೆಗಾರರದ್ದು. ಮಂಡ್ಯದವರಿಗೆ ಹೇಳಬೇಕಾಗಿಲ್ಲ, ಕಬ್ಬಿನ ಹಣ ಬರುವುದು ಕಟಾವಾದ ಮೇಲೆ. ಕಟಾವಿಗೆ ಮುಂಚೆ ಕೈ ಬರಿದು, ಒಡವೆ ಅಂಗಡಿಯಲ್ಲಿ. ಸಂಶೋಧಕರು ಅದೇ ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆ ಕೊಟ್ಟರು. ಅದೇ ಮನುಷ್ಯ, ಅದೇ ತಲೆ. ಆದರೆ ಹಣವಿಲ್ಲದ ದಿನಗಳಲ್ಲಿ ಲೆಕ್ಕ ತಪ್ಪಿತು, ಉತ್ತರ ತಡವಾಯಿತು. ಎಷ್ಟು ವ್ಯತ್ಯಾಸ, ಅದಕ್ಕೆ ಇದೇ ಕಾರಣವೇ ಎಂಬುದರ ಮೇಲೆ ವಿದ್ವಾಂಸರು ಆಮೇಲೆ ವಾದ ಮಾಡಿದ್ದಾರೆ, ಮಾಡಲಿ. ಸಾಲದವನು ಬಾಗಿಲಲ್ಲಿ ನಿಂತಿರುವಾಗ ಪರೀಕ್ಷೆಗೆ ಓದಲು ಕೂತವನಿಗೆ ಇದರ ನಿಜ ಗೊತ್ತಿದೆ. ತಲೆಯಲ್ಲಿರುವುದು ಒಂದೇ ಅಂಗಳ. ಅದರ ತುಂಬ ಐದನೇ ತಾರೀಖಿನ ಕಂತು ಹರಡಿಕೊಂಡಿದ್ದರೆ ಮುಂದಿನ ಐದು ವರ್ಷದ ಯೋಚನೆಗೆ ಜಾಗ ಎಲ್ಲಿ?

ಐದನೇ ತಾರೀಖು ಎಂದೆ. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ರೇಷ್ಮೆ ಸಾಕುವ ಮನೆಗೆ ಹಣ ಬರುವುದು ಬೆಳೆಗೊಮ್ಮೆ. ಚಾಕಿ ಹುಳು ತಂದು, ಸೊಪ್ಪು ಹಾಕಿ, ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಯಲ್ಲಿ ಲಾಟು ಹರಾಜಾದ ದಿನ ಹಣ. ರೇಟು ಬಿದ್ದರೆ, ಹುಳುವಿಗೆ ರೋಗ ಬಂದರೆ ಅದೂ ಇಲ್ಲ. ಹಿಂದೆ ಊರಿನ ಸಾಲವೂ ಬೆಳೆಯ ಲೆಕ್ಕದ್ದೇ: "ಗೂಡು ಮಾರಿದ ಮೇಲೆ ಕೊಡ್ತೀನಿ" ಎಂದರೆ ನಡೆಯುತ್ತಿತ್ತು. ಕಂತಿಗೆ ಗೂಡಿನ ಮಾತು ತಿಳಿಯುವುದಿಲ್ಲ. ಅದಕ್ಕೆ ತಾರೀಖು ಮಾತ್ರ ಗೊತ್ತು. ಬೆಳೆಯ ಲೆಕ್ಕದಲ್ಲಿ ಬದುಕುವ ಮನೆ ತಿಂಗಳ ಲೆಕ್ಕದ ಸಾಲ ಹೊತ್ತಾಗ ನಡುವಿನ ಕಂದಕ ತುಂಬಲು ಸಿಗುವವನು ತಿಂಗಳ ಸಂಬಳದ ಮಗ. ಇಪ್ಪತ್ತಮೂರರ ಹುಡುಗ ಮನೆಯ ಯಜಮಾನಿಕೆ ಇಲ್ಲದೆಯೇ ಮನೆಯ ಭಾರ ಹೊರುತ್ತಾನೆ. ನಿರ್ಧಾರ ಅಪ್ಪನದು, ಕಂತು ಮಗನದು.

ಆ ತಾಯಿ ಅಂದು ಒಂದು ಮಾತು ಹೇಳಿದರು. ಹುಳು ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಸಾಕುವವರು ಅದಕ್ಕೇ ಜ್ವರ ಎನ್ನುವುದು. "ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು ಅಂತ ನಂಗೊತ್ತು ಸ್ವಾಮಿ. ಮಗ ಊಟ ಬಿಟ್ಟು ಕೂತಾಗ ಏನ್ ಮಾಡಬೇಕು ಅಂತ ಗೊತ್ತಾಗಲಿಲ್ಲ."

ಮೊದಲು ಮಾಡಬೇಕಾದದ್ದು ಸುಲಭವಲ್ಲದಿದ್ದರೂ ಸರಳ. ಬದುಕು ಬೇಡ ಎಂಬ ಮಾತು ಮಗ ಅಥವಾ ಮಗಳ ಬಾಯಲ್ಲಿ ಒಮ್ಮೆ ಬಂದರೂ ಅದನ್ನು ನಾಟಕ ಎನ್ನಬೇಡಿ. ಯಾಕೆ ಹಾಗೆ ಅನ್ನಿಸುತ್ತದೆ ಎಂದು ನೇರವಾಗಿ ಕೇಳಿ, ಜೊತೆಗಿರಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ. ನಂಬರು 14416, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನಸ್ಸಿನ ವೈದ್ಯರ ಬಳಿ ಹೋದರೆ ಹುಚ್ಚ ಎನ್ನುತ್ತಾರೆಂಬ ಅಂಜಿಕೆ ಇನ್ನಾದರೂ ಹೋಗಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಇವತ್ತು ದೇಶವೆಲ್ಲ ಕರೆಯುವುದನ್ನು ನಿಮ್ಹಾನ್ಸ್‌ನವರು ಮೊದಲು ಮಾಡಿ ನೋಡಿದ್ದು 1985ರಲ್ಲಿ, ನಮ್ಮದೇ ಬಳ್ಳಾರಿಯಲ್ಲಿ. ಅಷ್ಟು ಹಿಂದೆಯೇ ದಾರಿ ತೋರಿದ ರಾಜ್ಯದವರು ನಾವು.

ಹಾಗೆಂದು ಹೊಟ್ಟೆ ಉರಿಯೆಲ್ಲ ಮನಸ್ಸಿನದೇ ಎಂದು ವೈದ್ಯರನ್ನು ಬಿಡಬೇಡಿ. ಈ ಹುಡುಗ ದಿನವೂ ಬೆಳಗಿನ ತಿಂಡಿ ಬಿಟ್ಟು, ನಾಲ್ಕು ಲೋಟ ಟೀ ಕುಡಿದು, ಮೂರು ಗಂಟೆಗೆ ಊಟ ಮಾಡುತ್ತಿದ್ದ. ಅದು ಯಾವ ಹೊಟ್ಟೆಗೂ ಒಗ್ಗುವುದಿಲ್ಲ. ಆದರೆ ತಿಂಡಿ ಬಿಟ್ಟದ್ದು ಯಾಕೆ? ನಲವತ್ತು ರೂಪಾಯಿ ಉಳಿಸಲು.

ಇನ್ನು ಆ್ಯಪ್‌ಗಳ ವಿಷಯ. ಡಿಜಿಟಲ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ನಿಯಮ ಹೊರಡಿಸಿತು. ಸಾಲಕ್ಕೆ ವರ್ಷಕ್ಕೆ ಒಟ್ಟು ಬೀಳುವ ಬಡ್ಡಿ ಮತ್ತು ಖರ್ಚು ಎಷ್ಟೆಂದು ಮೊದಲೇ ಬರೆದು ತೋರಿಸಬೇಕು. ಹಣ ನೇರ ಸಾಲಗಾರನ ಖಾತೆಗೆ ಬರಬೇಕು. ಫೋನಿನಲ್ಲಿರುವ ನಂಬರು, ಫೋಟೊಗಳಿಗೆ ಕೈ ಹಾಕುವಂತಿಲ್ಲ. ಇದನ್ನೆಲ್ಲ ಗಾಳಿಗೆ ತೂರಿ ಬೆದರಿಸುವವನು ಸಾಲ ಕೊಟ್ಟವನಾದರೂ ಅಪರಾಧಿಯೇ. ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿ, ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಠಾಣೆಗೆ ಹೋಗಬಹುದು. ಸಂಘದ ಸಾಲ ವಸೂಲಿಗೆ ಬಂದವರು ಮನೆ ಮುಂದೆ ಗಲಾಟೆ ಮಾಡಿದರೂ ಹೀಗೆಯೇ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಎಂದಿತು. ಕಾನೂನು ಇದೆ ಎಂದ ಮಾತ್ರಕ್ಕೆ ಭಯ ಹೋಗುವುದಿಲ್ಲ, ನಿಜ. ಆದರೆ ಒಬ್ಬನೇ ದಿಂಬಿನ ಕೆಳಗೆ ಫೋನಿಟ್ಟುಕೊಂಡು ಮಲಗಿದ್ದವನಿಗೂ, ಅಪ್ಪನನ್ನು ಜೊತೆಗೆ ಕರೆದುಕೊಂಡು ಠಾಣೆಯ ಮೆಟ್ಟಿಲು ಹತ್ತಿದವನಿಗೂ ತುಂಬ ವ್ಯತ್ಯಾಸ.

ಈಗ ಪಿಯುಸಿ ಮುಗಿಸಿದ ಮಕ್ಕಳ ತಂದೆ ತಾಯಂದಿರಿಗೆ ಒಂದು ಲೆಕ್ಕ. ಎಂಜಿನಿಯರಿಂಗಿಗೆ ಬ್ಯಾಂಕಿನಲ್ಲಿ 4 ಲಕ್ಷ ಸಾಲ, ವರ್ಷಕ್ಕೆ ಒಂದು ಲಕ್ಷದಂತೆ, ಬಡ್ಡಿ ನೂರಕ್ಕೆ 10 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎನ್ನುತ್ತಾರೆ, ಅದು ಸರಿ. ಆದರೆ ಬಡ್ಡಿ ಮಲಗುವುದಿಲ್ಲ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಚಕ್ರಬಡ್ಡಿ ಇಲ್ಲದೆಯೇ 1,40,000. ಮಗ ಕೆಲಸಕ್ಕೆ ಸೇರುವ ಹೊತ್ತಿಗೆ ಸಾಲ 5,40,000. ಹತ್ತು ವರ್ಷದ ಅವಧಿಗೆ ಕಂತು ತಿಂಗಳಿಗೆ ಸುಮಾರು 7,100. ಕೈಗೆ ಹದಿನೆಂಟು ಇಪ್ಪತ್ತು ಸಾವಿರ ಬರುವ ಮೊದಲ ಕೆಲಸದಲ್ಲಿ ಇದರ ತೂಕ ಎಷ್ಟು ನೋಡಿ. ಓದುವಾಗಲೇ ತಿಂಗಳಿಗೆ ಬಡ್ಡಿಯಷ್ಟನ್ನಾದರೂ ಕಟ್ಟುತ್ತಾ ಬಂದರೆ 4 ಲಕ್ಷ 4 ಲಕ್ಷವೇ ಆಗಿ ಉಳಿಯುತ್ತದೆ. ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿದ್ದರೆ, ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಗೆ ನಿಮ್ಮ ಮಗುವಿನ ಕೋರ್ಸು ಸೇರುತ್ತದೆಯೇ ಎಂದು ಸಾಲಕ್ಕೆ ಸಹಿ ಹಾಕುವ ದಿನವೇ ಮ್ಯಾನೇಜರನ್ನು ಕೇಳಿ. ಮತ್ತು ಈ ಲೆಕ್ಕವನ್ನು ಮಗುವಿನ ಕೈಯಲ್ಲೇ ಹಾಕಿಸಿ. ಹದಿನೆಂಟು ವರ್ಷಕ್ಕೆ ಓಟು ಹಾಕುವವರು ಒಂದು ಬಡ್ಡಿ ಲೆಕ್ಕಕ್ಕೆ ಹೆದರಿ ಓಡಿಹೋಗುವುದಿಲ್ಲ.

ಗುರಿಯ ಮಾತಿಗೆ ಬರುತ್ತೇನೆ. ಈ ಹುಡುಗನ ಸೋದರಮಾವ ಬೊಂಬೆ ಮಾಡುವವರು. ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವುದನ್ನು ಇವನು ಹತ್ತನೇ ಕ್ಲಾಸಿನವರೆಗೆ ರಜೆಯಲ್ಲೆಲ್ಲ ಮಾಡುತ್ತಿದ್ದನಂತೆ. ಈಗ ಯಾಕೆ ಬಿಟ್ಟೆ ಎಂದು ಕೇಳಿ, ಕೇಳಿದ್ದೇ ತಪ್ಪು ಎನಿಸಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ದಾರಿ ಚನ್ನಪಟ್ಟಣದ ಹೊರಗಿನಿಂದಲೇ ಹೋಗುತ್ತದೆ. ಮೈಸೂರಿಗೆ ಹೋಗುವ ಕಾರುಗಳು ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ನಿಲ್ಲುವುದು ಕಡಿಮೆಯಾಯಿತು. "ಮಾವನೇ ತನ್ನ ಮಗನ್ನ ಬೇರೆ ಕೆಲಸಕ್ಕೆ ಕಳಿಸಿದ್ದಾನೆ ಸಾರ್" ಎಂದ. ಕುಲಕಸುಬಿಗೆ ಮರಳಿ ಎಂದು ಪೇಟೆಯಲ್ಲಿ ಕೂತು ಬರೆಯುವುದು ಸುಲಭ. ನಾನು ಹಾಗೆ ಬರೆಯುವುದಿಲ್ಲ.

ಹಾಗಾದರೆ ಅವನಿಗೆ ಆಸೆಯೇ ಇರಲಿಲ್ಲವೇ? ಇತ್ತು. ಬಿ.ಎಡ್. ಮಾಡಿ ಮೇಷ್ಟ್ರಾಗಬೇಕೆಂದಿತ್ತು. ಅದನ್ನು ಹೇಳುವಾಗ ಮಾತ್ರ ಅವನ ಮುಖ ನೋಡಿದ ನನಗೆ, ಇವನಿಗೆ ಗುರಿಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬಿಕೆ ಬರಲಿಲ್ಲ. ಒಂದು ವರ್ಷದ ಹಿಂದೆ ಅರ್ಜಿ ತಂದಿಟ್ಟಿದ್ದ. ಕಂತುಗಳನ್ನು ನೆನೆದು ಹರಿದು ಹಾಕಿದ್ದ. ಹರಿದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಹೇಳದೆ ಆಸೆ ಇದ್ದದ್ದೇ ಮರೆತು, 'ಗುರಿಯಿಲ್ಲ' ಎಂಬ ಮಾತೊಂದು ಬಾಯಲ್ಲಿ ಉಳಿಯಿತು. ನಮ್ಮ ಕಾಲೇಜುಗಳಲ್ಲಿ ವ್ಯಕ್ತಿತ್ವ ವಿಕಸನದ ಉಪನ್ಯಾಸಕ್ಕೆ ಬರುವವರು ದೊಡ್ಡ ಕನಸು ಕಾಣಿ ಎನ್ನುತ್ತಾರೆ. ನಿನ್ನ ಸಾಲ ಎಷ್ಟಪ್ಪ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಅಂದು ಸಂಜೆ ಆ ಮನೆಯಲ್ಲಿ ನಾಲ್ವರೂ ಕೂತೆವು. ತಂದೆ ಮೊದಲು ರೇಗಿದರು. ಮಗನ ಮೇಲಲ್ಲ, ಸರದ ವಿಷಯ ತನಗೂ ಹೇಳಿರಲಿಲ್ಲವೆಂದು ಹೆಂಡತಿಯ ಮೇಲೆ. ಆಮೇಲೆ ಬೀಡಿ ಹಚ್ಚಿಕೊಂಡು ಹೊರಗೆ ಹೋದರು, ವಾಪಸು ಬಂದು, "ಬರಿಯಪ್ಪ, ಎಲ್ಲಾನೂ ಬರಿ" ಎಂದರು. ಮದುವೆ ಪತ್ರಿಕೆಯಲ್ಲಿ ಜಾಗ ಸಾಲದೆ ಗೋಡೆಯ ಕ್ಯಾಲೆಂಡರಿನ ಹಳೆಯ ತಿಂಗಳೊಂದನ್ನು ಹರಿದು ಅದರ ಬೆನ್ನಿನಲ್ಲಿ ಬರೆದರು. ಯಾವ ಸಾಲ, ಎಷ್ಟು, ಯಾವ ತಾರೀಖು, ಬಡ್ಡಿ ಎಷ್ಟು. ಬಡ್ಡಿ ಹೆಚ್ಚಿರುವುದು ಮೊದಲು ತೀರಲಿ ಎಂಬುದನ್ನು ಹುಡುಗನೇ ಹೇಳಿದ, ಬಿ.ಕಾಂ. ಓದಿದ್ದು ಅಲ್ಲಿ ಕೆಲಸಕ್ಕೆ ಬಂತು. ನನ್ನ ಕೆಲಸ ಏನೂ ಉಳಿದಿರಲಿಲ್ಲ. ರಾಗಿಮುದ್ದೆ, ಉಪ್ಸಾರು ಉಂಡು ಹೊರಟೆ.

ನಾಲ್ಕು ತಿಂಗಳಾದ ಮೇಲೆ ಆ ತಾಯಿಯಿಂದ ಇನ್ನೊಂದು ಪತ್ರ ಬಂದಿದೆ. ಒಂದು ಲಾಟು ಗೂಡು ಒಳ್ಳೆಯ ರೇಟಿಗೆ ಹೋಯಿತಂತೆ. ಆ್ಯಪ್‌ಗಳ ಬಾಕಿ ಮುಗಿಯಿತು, ಒಂದರ ಮೇಲೆ ದೂರೂ ಕೊಟ್ಟಿದ್ದಾರೆ. ಬೈಕು ಮಾರಿ ಅದರ ಸಾಲ ತೀರಿಸಿದ್ದಾಯಿತು. ಸ್ಟೇಷನ್ನಿಗೆ ಮಗ ಸೈಕಲ್ಲಿನಲ್ಲಿ ಹೋಗುತ್ತಾನೆ, ನಾಚಿಕೆ ಪಡುತ್ತಾನೆ, ಆದರೂ ಹೋಗುತ್ತಾನೆ. ಬುತ್ತಿ ಕಟ್ಟಿಸಿಕೊಳ್ಳುತ್ತಾನೆ. ಹೊಟ್ಟೆ ಉರಿ ಪೂರ್ತಿ ಹೋಗಿಲ್ಲ, ಹನ್ನೊಂದಕ್ಕೆ ಮಲಗುತ್ತಾನೆ. ಬಿ.ಎಡ್. ಈ ವರ್ಷವೋ ಬರುವ ವರ್ಷವೋ ಇನ್ನೂ ತೀರ್ಮಾನವಾಗಿಲ್ಲ, ಭಾನುವಾರ ಭಾನುವಾರ ಅದೇ ಜಗಳ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಸರ ಇನ್ನೂ ಬಿಡಿಸಿಲ್ಲ. ಅದು ಎಲ್ಲಿದೆ ಅಂತ ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು."